ಹಲ್ಲು ಬಂದ ಕೂಸಿಗೆ ಎದೆಹಾಲು ಎಷ್ಟು ಸಲ?

ನಾಮಕರಣ, ಲಿಂಗಧಾರಣೆ, ಜವಳ ಮೊದಲಾದ ಮಂಗಲಕಾರ್ಯಗಳ ನಿಮಿತ್ತ ಭಕ್ತರ ಮನೆಗಳಿಗೆ ಹೋಗಿಬರುವ ನಮ್ಮಂಥವರನ್ನು ಜನರು ಶಾಸ್ತ್ರದ ಮಾತುಗಳನ್ನಷ್ಟೇ ಕೇಳಿ ಸುಮ್ಮನಾಗುವುದಿಲ್ಲ. ಕಾರ್ಯ ಮುಗಿದು, ಪ್ರಸಾದವಾಗಿ, ಗಂಡಸರು ಪಡಸಾಲೆಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿರುವಾಗ ಒಳಗಿನಿಂದ ಹಿರಿಯ ತಾಯಿಯೊಬ್ಬರು ಸೆರಗು ಸರಿಪಡಿಸಿಕೊಳ್ಳುತ್ತ ಬಂದು, "ಅಜ್ಜಾರ, ಕೂಸಿಗೆ ಮೊಲಿ ಬಿಡಸಬೇಕಂತ ಮಾಡೇವ್ರಿ. ಒಂದ ಚಲೋ ದಿನಾ ನೋಡಿ ಹೇಳ್ರಿ" ಎಂದು ಕೇಳುವುದುಂಟು. ತಿಥಿ, ವಾರ, ನಕ್ಷತ್ರಗಳ ಗೊಡವೆಯನ್ನು ಶರಣರು ಕಳೆದು ಎಂಟುನೂರು ವರ್ಷಗಳು ಮೀರಿದ ಮೇಲೂ ಈ ಪ್ರಶ್ನೆ ನಮ್ಮ ಮನೆಗಳನ್ನು ಬಿಟ್ಟು ಹೋಗಿಲ್ಲವೆಂಬುದು ಬೇರೆ ಮಾತು. ಅಂಥ ದಿನವೊಂದು ಇಲ್ಲವೆಂದೇ ನಾವು ಉತ್ತರಿಸುತ್ತ ಬಂದಿದ್ದೇವೆ. ಮೊಲೆ ಬಿಡಿಸುವುದು ಒಂದು ದಿನದ ಕಾರ್ಯವಲ್ಲ, ತಿಂಗಳುಗಳ ಕಾರ್ಯ. ಕೆಲವು ಕೂಸುಗಳ ವಿಷಯದಲ್ಲಿ ಒಂದು ವರ್ಷಕ್ಕೂ ಮೀರಿದ ಕಾರ್ಯ.

ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಆರು ತಿಂಗಳು ದಾಟಿ, ಹಲ್ಲು ಮೂಡಿ, ಅಂಬೆಗಾಲಿಕ್ಕುವ ಕೂಸಿಗೆ ಹಗಲು-ರಾತ್ರಿಗಳಲ್ಲಿ ಎಷ್ಟು ಸಲ ಎದೆಗೆ ಹಾಕಿಕೊಳ್ಳಬೇಕು? ಅತ್ತಾಗಲೆಲ್ಲ ಕೊಡಬೇಕೆ? ಗಡಿಯಾರ ನೋಡಿ ಕೊಡಬೇಕೆ? ಊಟಕ್ಕೆ ಮೊದಲೊ, ನಂತರವೊ? ಇದನ್ನು ಹೆಣ್ಣುಮಕ್ಕಳ ಒಳಮನೆಯ ಮಾತೆಂದು ತಳ್ಳಿಹಾಕಿದ ಮನೆಗಳಲ್ಲಿಯೇ ಕೂಸುಗಳು ಸೊರಗಿದ್ದನ್ನು ನಾವು ಕಂಡಿರುವುದರಿಂದ, ಈ ಮಾತನ್ನು ಪಡಸಾಲೆಗೆ ತರುವುದು ಅವಶ್ಯವೆಂದು ಭಾವಿಸಿ ಬರೆಯುತ್ತಿದ್ದೇವೆ. ನಾವು ವೈದ್ಯರಲ್ಲ. ಮಠದಲ್ಲಿ ಸಂಸ್ಕೃತಾಧ್ಯಯನದೊಡನೆ ಕಿವಿಗೆ ಬಿದ್ದ ಆಯುರ್ವೇದದ ಮಾತುಗಳನ್ನೂ, ಮಕ್ಕಳ ವೈದ್ಯರಿಂದ ಕೇಳಿ ತಿಳಿದುಕೊಂಡುದನ್ನೂ ಇಲ್ಲಿ ಕೂಡಿಸಿ ಹೇಳುತ್ತೇವೆ.

ಬೆಳಗಾವಿಯ ಟಿಳಕವಾಡಿ ಹಿಂದೆ ಶಾಂತವಾದ ಬಡಾವಣೆಯಾಗಿತ್ತು. 1924ರ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ್ದ ಕಾಂಗ್ರೆಸ್ ಅಧಿವೇಶನ ನಡೆದ ನೆಲ ಅದು; ಕಾಂಗ್ರೆಸ್ ರಸ್ತೆಯೆಂಬ ಹೆಸರು ಇಂದಿಗೂ ಉಳಿದಿದೆ. ಈಗ ರೈಲ್ವೆ ಗೇಟುಗಳ ಆಚೆ-ಈಚೆ ಎತ್ತರದ ಮನೆಗಳು ಎದ್ದಿವೆ. ಅತ್ತೆ-ಸೊಸೆಯರು ಇರುವ ಮನೆಗಳೂ ಇವೆ, ಗಂಡ-ಹೆಂಡತಿ-ಕೂಸು ಮೂವರೇ ಇರುವ ಮನೆಗಳೂ ಇವೆ. ಸೊಸೆ ಬ್ಯಾಂಕಿನಲ್ಲಿಯೊ ಶಾಲೆಯಲ್ಲಿಯೊ ದುಡಿಯುತ್ತಾಳೆ. ನೆರೆಯ ಮರಾಠಿ ಮನೆಯವರು ಕೂಸಿಗೆ ಮೊದಲ ಅನ್ನ ಉಣಿಸುವ ದಿನವನ್ನು ಉಷ್ಟಾವಣವೆಂದು ಕರೆದು ಸಂಭ್ರಮದಿಂದ ಮಾಡುತ್ತಾರೆ; ಅವರನ್ನು ನೋಡಿ ನಮ್ಮವರೂ ಮಾಡುತ್ತಾರೆ. ಬೆಳ್ಳಿಯ ಬಟ್ಟಲು ಬರುತ್ತದೆ, ಪಾಯಸವಾಗುತ್ತದೆ, ಭಾವಚಿತ್ರಗಳಾಗುತ್ತವೆ. ಮರುದಿನದಿಂದ ಆ ಬಟ್ಟಲು ಕಪಾಟು ಸೇರುತ್ತದೆ. ಕೂಸು ಮತ್ತೆ ಎದೆಹಾಲೊಂದರ ಮೇಲೆಯೇ ಉಳಿಯುತ್ತದೆ.

ಅಂಥದೊಂದು ಮನೆಯ ಮಾತನ್ನು ಹೇಳಬೇಕು. ಟಿಳಕವಾಡಿಯದೇ ಮನೆ. ಹನ್ನೊಂದು ತಿಂಗಳ ಗಂಡುಕೂಸು. ಹಗಲು-ರಾತ್ರಿ ಸೇರಿ ಹದಿನಾಲ್ಕು-ಹದಿನೈದು ಸಲ ಎದೆಗೆ ಬರುತ್ತಿತ್ತು. ಅನ್ನದ ತುತ್ತು ತಂದರೆ ಮುಖ ತಿರುವುತ್ತಿತ್ತು. "ನಮ್ಮ ಮೊಮ್ಮಗ ತಾಯಿಹಾಲಿನ ಮ್ಯಾಲ ಬೆಳ್ಯಾಕತ್ತಾನ್ರಿ, ಅನ್ನದ ಹಂಗs ಇಲ್ಲ" ಎಂದು ಅಜ್ಜಿ ಹೆಮ್ಮೆಯಿಂದ ಹೇಳಿದರು. ಆದರೆ ಕೂಸು ಬಿಳಿಚಿಕೊಂಡಿತ್ತು. ಅಂಗೈಯಲ್ಲಿ ಕೆಂಪಿರಲಿಲ್ಲ. ಕುಳ್ಳಿರಿಸಿದಲ್ಲಿ ಕುಳಿತಿರುತ್ತಿತ್ತು, ಚಪ್ಪಾಳೆ ತಟ್ಟಿದರೂ ನಗುತ್ತಿರಲಿಲ್ಲ. ಹಿಂದಿನ ತಿಂಗಳು ತೆವಳಲು ಕಲಿತಿದ್ದು ಈಗ ಅದನ್ನೂ ಬಿಟ್ಟಿದೆಯೆಂದು ತಾಯಿ ಮೆಲ್ಲಗೆ ಹೇಳಿದಾಗ ನಮಗೆ ಸಮಾಧಾನವಾಗದೆ, ಅಂದೇ ಮಕ್ಕಳ ವೈದ್ಯರಲ್ಲಿಗೆ ಒಯ್ಯಬೇಕೆಂದು ಯಜಮಾನರಿಗೆ ಒತ್ತಾಯಿಸಿದೆವು. ರಕ್ತಪರೀಕ್ಷೆಯಾಯಿತು. ಕಬ್ಬಿಣಾಂಶ ಕಡಿಮೆ, ಬಿ-12 ಎಂಬ ಜೀವಸತ್ವವಂತೂ ತೀರ ಕಡಿಮೆ. ತಾಯಿಯ ರಕ್ತದಲ್ಲಿಯೂ ಅದೇ ಕೊರತೆ. ಮಗುವಿಗೂ ತಾಯಿಗೂ ಚಿಕಿತ್ಸೆ ಆರಂಭವಾಗಿ ಕೆಲವೇ ದಿನಗಳಲ್ಲಿ ಕೂಸಿನ ಮುಖದಲ್ಲಿ ಕಳೆ ಬಂದಿತು. ಅತ್ತೆಯವರು ಹೆದರಿ, "ಹಂಗಾರ ಮೊಲಿ ಬಿಡಿಸಿಬಿಡ್ತೀವ್ರಿ" ಎಂದಾಗ ವೈದ್ಯರು ಹೇಳಿದ ಉತ್ತರ ನಮಗೆ ಬಹಳ ಹಿಡಿಸಿತು: ಹಾಲು ಬಿಡಿಸಬೇಡಿರಿ, ಹಾಲಿನ ಸರದಿಯನ್ನು ಬದಲಿಸಿರಿ.

ಶಾಕಾಹಾರದ ಮನೆಯ ಎಚ್ಚರ

ಇದು ಒಂದು ಮನೆಯ ದುರ್ದೈವವಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ವೈದ್ಯರು 1962ರಷ್ಟು ಹಿಂದೆಯೇ, ಎದೆಹಾಲೊಂದರ ಮೇಲೆ ಬೆಳೆಯುತ್ತಿದ್ದ ಭಾರತೀಯ ಕೂಸುಗಳಲ್ಲಿ ಬಿ-12 ಕೊರತೆಯಿಂದ ಉಂಟಾಗುವ ಈ ವ್ಯಾಧಿಯನ್ನು ಲ್ಯಾನ್ಸೆಟ್ ಎಂಬ ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ವರ್ಣಿಸಿದ್ದರು. ಮೈ ಬಿಳಿಚುವುದು, ಬೆರಳ ಗೆಣ್ಣುಗಳ ಮೇಲೆ ಕಪ್ಪು ಛಾಯೆ ಮೂಡುವುದು, ತಲೆಗೂದಲು ತೆಳುವಾಗುವುದು, ಮಗು ಮಂಕಾಗಿ ಕಲಿತ ಆಟಪಾಠಗಳನ್ನು ಮರೆಯುವುದು, ಕೆಲವೊಮ್ಮೆ ಕೈಕಾಲು ನಡುಗುವುದು ಇದರ ಲಕ್ಷಣಗಳು. ಆರು ತಿಂಗಳಿಂದ ಒಂದೂವರೆ ವರ್ಷದೊಳಗಿನ ಕೂಸುಗಳಲ್ಲಿಯೇ ಇದು ಹೆಚ್ಚಾಗಿ ಕಾಣುತ್ತದೆ. ಬೇಗ ಗುರುತಿಸಿದರೆ ಸುಲಭವಾಗಿ ಗುಣವಾಗುವ ರೋಗ; ತಡವಾದರೆ ಬುದ್ಧಿಯ ಬೆಳವಣಿಗೆಯಲ್ಲಿ ಹಿನ್ನಡೆ ಉಳಿದುಬಿಡಬಹುದು.

ನಮ್ಮ ಸಮಾಜಕ್ಕೆ ಇದು ಏಕೆ ಹತ್ತಿರದ ಮಾತು? ಬಿ-12 ಸಸ್ಯಮೂಲದ ಆಹಾರದಲ್ಲಿ ದೊರೆಯುವುದಿಲ್ಲ. ಮಾಂಸ, ಮೊಟ್ಟೆಗಳನ್ನು ಮುಟ್ಟದ ನಮ್ಮ ಮನೆಗಳಲ್ಲಿ ಅದಕ್ಕೆ ಹಾಲು, ಮೊಸರು, ಮಜ್ಜಿಗೆಗಳೇ ಆಧಾರ. ಶಾಕಾಹಾರ ನಮ್ಮ ಆಚಾರ; ಅದನ್ನು ಬಿಡಬೇಕೆಂದು ನಾವಾಗಲಿ, ನಾವು ಬಲ್ಲ ವೈದ್ಯರಾಗಲಿ ಹೇಳುತ್ತಿಲ್ಲ. ಆದರೆ ಆ ಆಚಾರದೊಡನೆ ಬಾಣಂತಿಯ ಪಥ್ಯವೆಂಬುದೊಂದು ಸೇರಿಕೊಂಡಿದೆ. ಮೊಸರು ಥಂಡಿ, ಮಜ್ಜಿಗೆ ಥಂಡಿ, ಸೊಪ್ಪು ಉಂಡರೆ ಕೂಸಿನ ಹೊಟ್ಟೆ ಕೆಡುತ್ತದೆ, ಹಣ್ಣು ತಿಂದರೆ ನೆಗಡಿಯಾಗುತ್ತದೆ ಎಂದು ತಿಂಗಳುಗಟ್ಟಲೆ ತಾಯಿಗೆ ಅನ್ನ-ಸಾರು, ರೊಟ್ಟಿ-ಖಾರಪುಡಿಗಳಲ್ಲಿಯೇ ದಿನ ನೂಕಿಸುತ್ತಾರೆ. ಜನನಸೂತಕವೂ ಸೇರಿ ಪಂಚಸೂತಕಗಳನ್ನೇ ಅಲ್ಲಗಳೆದ ಧರ್ಮ ನಮ್ಮದು. ಹೆತ್ತವಳು ಮೈಲಿಗೆಯಲ್ಲವೆಂದು ಒಪ್ಪಿದವರು ಅವಳ ತಾಟಿನಿಂದ ಮೊಸರನ್ನು ತೆಗೆಯುವುದು ಯಾವ ನ್ಯಾಯ? ತಾಯಿಯ ಒಡಲಿನಲ್ಲಿ ಇಲ್ಲದ್ದು ಅವಳ ಹಾಲಿನಲ್ಲಿ ಎಲ್ಲಿಂದ ಬಂದೀತು? ಮೊದಲಿಗೆ ಆ ತಾಯಿಯ ತಾಟನ್ನು ತುಂಬಿರಿ. ಬಸುರಿಯಲ್ಲಿಯೂ ಬಾಣಂತನದಲ್ಲಿಯೂ ಬಿ-12 ಪರೀಕ್ಷೆ ಮಾಡಿಸಿ, ಕಡಿಮೆಯಿದ್ದರೆ ವೈದ್ಯರು ಹೇಳಿದ ಮಾತ್ರೆಗಳನ್ನು ಕೊಡಿಸಿರಿ.

ಕಬ್ಬಿಣಾಂಶದ ಲೆಕ್ಕ ಬೇರೆ. ಕೂಸು ತಾಯಿಯ ಗರ್ಭದಿಂದಲೇ ಅದನ್ನು ಕೂಡಿಟ್ಟುಕೊಂಡು ಬಂದಿರುತ್ತದೆ. ಆ ಗಂಟು ಸುಮಾರು ಆರು ತಿಂಗಳಿಗೆ ಕರಗುತ್ತದೆ. ಎದೆಹಾಲಿನಲ್ಲಿ ಕಬ್ಬಿಣಾಂಶ ಸ್ವಲ್ಪವೇ. ಆಕಳು-ಎಮ್ಮೆಗಳ ಹಾಲಿನಲ್ಲಿಯೂ ಬಹಳ ಕಡಿಮೆ. ಅದು ಆಹಾರದಿಂದಲೇ ಬರಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಕ್ಕಳಿಗೆ ರಕ್ತಹೀನತೆಯಿದ್ದುದು ಕಂಡುಬಂದಿತು. ಅದೇ ಸಮೀಕ್ಷೆಯಂತೆ ಆರರಿಂದ ಇಪ್ಪತ್ಮೂರು ತಿಂಗಳ ಮಕ್ಕಳಲ್ಲಿ ಸಾಕಷ್ಟು ಆಹಾರ ದೊರೆಯುತ್ತಿದ್ದುದು ನೂರಕ್ಕೆ ಹನ್ನೊಂದು ಮಕ್ಕಳಿಗೆ ಮಾತ್ರ. ಉಳಿದವರೆಲ್ಲ ಬಡವರ ಮಕ್ಕಳೇ ಎಂದು ಯಾರೂ ತಿಳಿಯಬಾರದು.

ಪ್ರಾಚೀನರು ಹೇಳಿದ್ದು

ವಾಗ್ಭಟನು ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಹಲ್ಲು ಬಂದ ಮಗುವನ್ನು ಕ್ರಮಕ್ರಮವಾಗಿ ಸ್ತನ್ಯದಿಂದ ಸರಿಸುತ್ತ ಬರಬೇಕೆಂದು ಹೇಳಿದ್ದಾನೆ. 'ಕ್ರಮೇಣ' ಎಂಬ ಆ ಒಂದು ಪದದಲ್ಲಿ ಇಡೀ ವಿಧಿಯೇ ಅಡಗಿದೆಯೆಂದು ನಮ್ಮ ತಿಳಿವಳಿಕೆ. ಕಾಶ್ಯಪಸಂಹಿತೆಯು ಆರನೆಯ ತಿಂಗಳಿಗೆ ಹಣ್ಣಿನ ರುಚಿಯನ್ನು ತೋರಿಸಲು ಹೇಳುತ್ತದೆ. ಅನ್ನಪ್ರಾಶನವನ್ನು ಇನ್ನಷ್ಟು ಮುಂದಕ್ಕಿಡುತ್ತದೆ. ಇಂದಿನ ವೈದ್ಯವಿಜ್ಞಾನವು ಅಷ್ಟು ಕಾಯುವುದನ್ನು ಒಪ್ಪುವುದಿಲ್ಲ. ಆರು ತಿಂಗಳು ತುಂಬಿದೊಡನೆ ಮೆತ್ತನೆಯ ಆಹಾರವೂ ಆರಂಭವಾಗತಕ್ಕದ್ದು. ವಾಗ್ಭಟನು ಈ ಕಾಲದ ಮಗುವಿಗೆ ಹೇಳಿದ ಮೋದಕದಲ್ಲಿ ಜೇನುತುಪ್ಪವೂ ಇದೆ. ಇಂದು ಒಂದು ವರ್ಷ ತುಂಬುವವರೆಗೆ ಜೇನು ಕೂಡದೆನ್ನುತ್ತಾರೆ, ಏಕೆಂದರೆ ಅದರಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಾಣುಬೀಜವು ಎಳೆಯ ಕರುಳಿನಲ್ಲಿ ಮೊಳೆತು ವಿಷವಾಗುತ್ತದೆ. ಹಳೆಯ ಗ್ರಂಥವನ್ನು ತಲೆಯ ಮೇಲಿಟ್ಟುಕೊಳ್ಳುವವರು ಹೊಸ ಅನುಭವಕ್ಕೆ ಕಿವಿಗೊಟ್ಟರೆ ಗ್ರಂಥಕ್ಕೆ ಅವಮಾನವಾಗದು. 'ಕ್ರಮೇಣ' ಎಂಬ ಮಾತಿನಲ್ಲಂತೂ ಇಬ್ಬರಿಗೂ ಭೇದವಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಹೀಗಿದೆ: ಆರು ತಿಂಗಳವರೆಗೆ ಎದೆಹಾಲು ಮಾತ್ರ, ನೀರೂ ಬೇಡ, ಆಮೇಲೆ ಆಹಾರದೊಡನೆ ಎದೆಹಾಲು, ಎರಡು ವರ್ಷ ತುಂಬುವವರೆಗೆ, ಇಚ್ಛೆಯಿದ್ದರೆ ಅದಕ್ಕೂ ಮುಂದೆ. ಆರರಿಂದ ಹನ್ನೆರಡು ತಿಂಗಳವರೆಗೆ ಕೂಸಿಗೆ ಬೇಕಾದ ಶಕ್ತಿಯ ಅರ್ಧ ಅಥವಾ ಹೆಚ್ಚಿನ ಪಾಲು ಎದೆಹಾಲಿನಿಂದ ಬರುತ್ತದೆ. ಎರಡನೆಯ ವರ್ಷದಲ್ಲಿ ಮೂರರಲ್ಲಿ ಒಂದು ಪಾಲು. ಎಂದರೆ ಒಂದು ವರ್ಷವಾದೊಡನೆ "ಇನ್ನ ಅದರಾಗ ಏನೂ ಇಲ್ಲ, ಬರೇ ನೀರು" ಎನ್ನುವ ಅಜ್ಜಿಯ ಮಾತೂ ಸುಳ್ಳು. ಅನ್ನದ ಹಂಗಿಲ್ಲವೆನ್ನುವ ಅಜ್ಜಿಯ ಮಾತೂ ಸುಳ್ಳು.

ಎಷ್ಟು ಸಲ, ಯಾವಾಗ

ಇಷ್ಟೇ ಸಲವೆಂಬ ಅಂಕಿಯನ್ನು ಯಾವ ವೈದ್ಯರೂ ಬರೆದುಕೊಡುವುದಿಲ್ಲ, ಬರೆದುಕೊಡುವಂಥದೂ ಅಲ್ಲ. ಒಂದು ಕೂಸು ಐದು ನಿಮಿಷದಲ್ಲಿ ತುಂಬಿಕೊಳ್ಳುತ್ತದೆ, ಇನ್ನೊಂದು ಅರ್ಧ ಗಂಟೆ ಎಳೆಯುತ್ತದೆ. ಎಣಿಸಬೇಕಾದದ್ದು ಊಟಗಳನ್ನು. ಆರರಿಂದ ಎಂಟು ತಿಂಗಳ ಕೂಸಿಗೆ ದಿನಕ್ಕೆ ಎರಡು-ಮೂರು ಊಟ. ಮೊದಲು ಎರಡು-ಮೂರು ಚಮಚದಿಂದ ತೊಡಗಿ ಮೆಲ್ಲಗೆ ಅರ್ಧ ಬಟ್ಟಲಿಗೆ. ಒಂಬತ್ತು ತಿಂಗಳ ನಂತರ ಮೂರು-ನಾಲ್ಕು ಊಟ, ಸಲಕ್ಕೆ ಅರ್ಧ ಬಟ್ಟಲು. ವರ್ಷ ದಾಟಿದ ಮೇಲೆ ಮೂರು-ನಾಲ್ಕು ಊಟ, ನಡುವೆ ಒಂದೆರಡು ಸಲ ಹಣ್ಣು-ಹಂಪಲು. ಸಲಕ್ಕೆ ಮುಕ್ಕಾಲಿನಿಂದ ಒಂದು ಬಟ್ಟಲು. ಬಟ್ಟಲೆಂದರೆ ಕಾಲು ಲೀಟರು ಹಿಡಿಯುವಂಥದು. ಈ ಊಟಗಳಿಗೆ ಹೊಟ್ಟೆಯಲ್ಲಿ ಜಾಗ ಉಳಿಯುವಷ್ಟು ಎದೆಹಾಲು, ಎಂಬುದೇ ಅಳತೆ.

ಆದುದರಿಂದ ಸರದಿಯ ಮಾತು ಮುಖ್ಯವಾಗುತ್ತದೆ. ಎಂಟು-ಒಂಬತ್ತು ತಿಂಗಳವರೆಗೆ ಮೊದಲು ಹಾಲು ಕುಡಿಸಿ, ಹಸಿವಿನ ಆತುರ ಇಳಿದ ಮೇಲೆ ತುತ್ತು ತೋರಿಸುವುದು ಒಳ್ಳೆಯದು. ತೀರ ಹಸಿದ ಎಳೆಗೂಸು ಹೊಸ ರುಚಿಗೆ ಬಾಯಿ ತೆರೆಯದು. ಆಮೇಲೆ ಮೆಲ್ಲಗೆ ಅದನ್ನು ತಿರುಗಿಸಬೇಕು: ಮೊದಲು ಊಟ, ನಂತರ ಎದೆ. ಊಟಕ್ಕೆ ಮುಂಚಿನ ಒಂದೂವರೆ-ಎರಡು ಗಂಟೆ ಎದೆಗೆ ಹಾಕಿಕೊಳ್ಳದಿದ್ದರೆ ತಾನಾಗಿಯೇ ಹಸಿವಾಗುತ್ತದೆ. ಟಿಳಕವಾಡಿಯ ಆ ತಾಯಿ ಮಾಡಿದ್ದು ಇಷ್ಟೇ. ನಸುಕಿನಲ್ಲಿ ಎದ್ದಾಗ ಎದೆಹಾಲು. ಎಂಟೂವರೆಗೆ ಹೆಸರುಬೇಳೆ ಹಾಕಿ ಬೇಯಿಸಿದ ಮೆತ್ತನೆಯ ಅನ್ನ, ತುಪ್ಪ. ಅದರ ಬೆನ್ನಿಗೆ ಸ್ವಲ್ಪ ಎದೆ, ನಿದ್ರೆ. ಮಧ್ಯಾಹ್ನ ಸೊಪ್ಪಿನ ಪಲ್ಯವನ್ನು ನುಣ್ಣಗೆ ನುರಿದು ಕಲಸಿದ ಅನ್ನ, ಲಿಂಬೆಯ ಎರಡು ಹನಿ. ಹುಳಿ ಸೇರಿದರೆ ಸೊಪ್ಪು-ಬೇಳೆಗಳ ಕಬ್ಬಿಣಾಂಶ ಮೈಗೆ ಹತ್ತುತ್ತದೆ. ಸಂಜೆ ಬಾಳೆಹಣ್ಣು ಅಥವಾ ಮೊಸರು. ರಾತ್ರಿ ರೊಟ್ಟಿಯ ಮೆತ್ತನೆಯ ಪದರವನ್ನು ಬೇಳೆಯ ಕಟ್ಟಿನಲ್ಲಿ ನೆನೆಸಿ ನುರಿದು ಉಣಿಸುವುದು, ಮಲಗುವಾಗ ಎದೆ. ಹದಿನೈದು ಸಲದ ಹಾಲು ಒಂದು ತಿಂಗಳಿನಲ್ಲಿ ಆರೇಳು ಸಲಕ್ಕೆ ಇಳಿಯಿತು. ಯಾರೂ ಕೂಸನ್ನು ಅಳಿಸಲಿಲ್ಲ. ಗಂಜಿ ಚಮಚದಿಂದ ಸುರಿಯುವಷ್ಟು ನೀರಾಗಿರಬಾರದು, ಚಮಚದಲ್ಲಿ ನಿಲ್ಲಬೇಕು. ನೀರುಗಂಜಿ ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸುವುದಿಲ್ಲ. ಒಂದು ವರ್ಷದವರೆಗೆ ಉಪ್ಪು-ಸಕ್ಕರೆಗಳ ಅವಶ್ಯಕತೆಯೂ ಇಲ್ಲ.

ಕೂಸು ಎದೆಗೆ ಬರುವುದು ಹಸಿವಿಗಾಗಿಯೇ ಎಂದು ತಿಳಿಯುವುದರಲ್ಲಿ ಬಹಳ ತಾಯಂದಿರು ಎಡವುತ್ತಾರೆ. ಬಾಯಾರಿಕೆಗೆ ಬರುತ್ತದೆ; ಆರು ತಿಂಗಳ ಮೇಲೆ ಕುದಿಸಿ ಆರಿಸಿದ ನೀರನ್ನು ಲೋಟದಿಂದ ಗುಟುಕರಿಸಬಹುದು. ಹಲ್ಲು ಮೂಡುವ ನೋವಿಗೆ ಬರುತ್ತದೆ, ನಿದ್ದೆಗಣ್ಣಿಗೆ ಬರುತ್ತದೆ, ಹೊಸ ಮುಖ ಕಂಡು ಅಂಜಿ ಬರುತ್ತದೆ, ಏನೂ ತೋಚದೆ ಬರುತ್ತದೆ. ಇವುಗಳಲ್ಲಿ ಕೆಲವಕ್ಕೆ ಎದೆಯೇ ಮದ್ದು, ಅಲ್ಲವೆನ್ನಲಾರೆವು. ಏನೂ ತೋಚದೆ ಬಂದ ಕೂಸಿಗೆ ಮಾತ್ರ ಅಜ್ಜನ ಹೆಗಲೇರಿ ಅಂಗಳ ಸುತ್ತಿದರೆ ಸಾಕು. ಅಜ್ಜನಾದವನು ಪತ್ರಿಕೆಯನ್ನು ಮಡಿಚಿಟ್ಟು ಏಳಬೇಕು, ಅಷ್ಟೆ. ವರ್ಷ ದಾಟಿದ ಕೂಸಿನ ವಿಷಯದಲ್ಲಿ ಅನುಭವಸ್ಥ ತಾಯಂದಿರು ಪಾಲಿಸುವ ಕ್ರಮವೊಂದಿದೆ: ಕೂಸು ಕೇಳಿದರೆ ಇಲ್ಲವೆನ್ನುವುದಿಲ್ಲ, ಕೇಳದಿದ್ದರೆ ತಾವಾಗಿ ಕರೆದು ಕುಡಿಸುವುದಿಲ್ಲ. ದಿನ ಹೋದಂತೆ ಹಗಲಿನ ಸರದಿಗಳು ಒಂದೊಂದಾಗಿ ತಾವೇ ಬಿದ್ದುಹೋಗುತ್ತವೆ.

ರಾತ್ರಿಯದೇ ದೊಡ್ಡ ಕಷ್ಟ. ಎಂಟು-ಒಂಬತ್ತು ತಿಂಗಳ ಕೂಸಿಗೆ ಹಗಲೆಲ್ಲ ಲೋಕದ ಕೌತುಕ. ಬಾಗಿಲ ಸದ್ದಾದರೆ ಎದೆ ಬಿಟ್ಟು ತಿರುಗುತ್ತದೆ, ಬೆಕ್ಕು ಹೋದರೆ ತಿರುಗುತ್ತದೆ. ಹಗಲು ಅರೆಬರೆ ಕುಡಿದ ಬಾಕಿಯನ್ನು ರಾತ್ರಿ ತೀರಿಸಿಕೊಳ್ಳುತ್ತದೆ. ಹಗಲಿನಲ್ಲಿ ಮಬ್ಬುಗತ್ತಲೆಯ ಸದ್ದಿಲ್ಲದ ಕೋಣೆಯಲ್ಲಿ ಕುಳಿತು ಹೊಟ್ಟೆತುಂಬ ಕುಡಿಸಿದರೆ ಅರ್ಧ ಸಮಸ್ಯೆ ತೀರಿತು. ರಾತ್ರಿ ಮಿಸುಕಿದ ಒಡನೆ ಎದೆಗೆ ಹಾಕಿಕೊಳ್ಳದೆ ಒಂದು ನಿಮಿಷ ಬೆನ್ನು ತಟ್ಟಿ ನೋಡಬೇಕು. ಎಷ್ಟೋ ಸಲ ಅದು ಪೂರ್ತಿ ಎಚ್ಚರವೇ ಆಗಿರುವುದಿಲ್ಲ. ಒಂದು ವರ್ಷ ದಾಟಿ, ಊಟ ಚೆನ್ನಾಗಿ ನಡೆಯುತ್ತಿರುವ, ತೂಕ ಏರುತ್ತಿರುವ ಕೂಸಿಗೆ ನಡುರಾತ್ರಿಯ ಸರದಿಯನ್ನು ತಂದೆಯಾದವನು ವಹಿಸಿಕೊಂಡು ಎತ್ತಿ ಆಡಿಸಿ ಮಲಗಿಸಬಹುದು. ತಂದೆಯಲ್ಲಿ ಹಾಲಿಲ್ಲವೆಂಬುದನ್ನು ಕೂಸು ಬೇಗ ಅರಿಯುತ್ತದೆ. ಮರುದಿನ ಕಚೇರಿಯಿದೆಯೆಂದು ಗಂಡಸರು ಬೇರೆ ಕೋಣೆ ಹಿಡಿಯುವ ವಾಡಿಕೆಯನ್ನು ನಾವು ಮೆಚ್ಚೆವು. ಕಾಯಕವನ್ನು ಹಂಚಿಕೊಳ್ಳುವ ಮಾತು ರಾತ್ರಿಗೂ ಸಲ್ಲಬೇಕು. ಸಂಜೆಯ ಮತ್ತು ನಸುಕಿನ ಸರದಿಗಳನ್ನು ಕೊನೆಯವರೆಗೆ ಉಳಿಸಿಕೊಂಡರೆ ತಾಯಿಗೂ ಕೂಸಿಗೂ ಹಿತ.

ಇಳಿಸುವಾಗ ಒಂದು ಸರದಿಯನ್ನು ಬಿಟ್ಟು, ನಾಲ್ಕೈದು ದಿನವೊ ಒಂದು ವಾರವೊ ಕಳೆದು, ಇನ್ನೊಂದನ್ನು ಬಿಡಬೇಕು. ಒಮ್ಮೆಲೇ ನಿಲ್ಲಿಸಿದರೆ ಎದೆ ಬಿಗಿದು, ಗಂಟು ಕಟ್ಟಿ, ಬಾವು ಬಂದು ಜ್ವರವೇರುತ್ತದೆ. ನಮ್ಮ ಕಡೆ ಬೇವಿನ ರಸವನ್ನೊ ಲೋಳೆಸರದ ಕಹಿಯನ್ನೊ ಹಚ್ಚಿಕೊಂಡು ಕೂಸನ್ನು ಬೆದರಿಸುವುದುಂಟು. ಕೂಸನ್ನು ಇಲ್ಲಿ ಬಿಟ್ಟು ತಾಯಿಯನ್ನು ನಾಲ್ಕು ದಿನ ತವರಿಗೆ ಕಳಿಸುವುದೂ ಉಂಟು. ಹಿರಿಯರು ಇದನ್ನು ನಗುತ್ತ ಹೇಳುತ್ತಾರೆ. ತನಗೆ ಅಮೃತವಾಗಿದ್ದುದು ಇದ್ದಕ್ಕಿದ್ದಂತೆ ವಿಷವಾಯಿತೆಂದು ತಿಳಿಯುವ ಕೂಸಿನ ಮನಸ್ಸನ್ನು, ಅದೇ ವಾರ ತಾಯಿಯೂ ಕಾಣೆಯಾದರೆ ಅದಕ್ಕಾಗುವ ಭಯವನ್ನು, ನಕ್ಕು ಹೇಳುವಂಥದಲ್ಲವೆಂದು ನಮ್ಮ ಅಭಿಪ್ರಾಯ.

ಖಾನಾಪುರದ ಕೂಸು

ಮೇಲೆ ಹೇಳಿದ್ದೆಲ್ಲ ಹಾಲು ಅತಿಯಾದ ಮನೆಯ ಮಾತು. ಬೆಳಗಾವಿಯಿಂದ ದಕ್ಷಿಣಕ್ಕೆ ಖಾನಾಪುರ ತಾಲೂಕಿನ ಹಳ್ಳಿಗಳಿಗೆ ಹೋದರೆ ಕಷ್ಟ ತಿರುವುಮುರುವಾಗಿ ಕಾಣುತ್ತದೆ. ಮಳೆ ಹಿಡಿದು ಭತ್ತದ ನಾಟಿ ಆರಂಭವಾಯಿತೆಂದರೆ ತಾಯಿ ನಸುಕಿನಲ್ಲಿ ಗದ್ದೆಗಿಳಿದರೆ ಬರುವುದು ಸಂಜೆಗೆ. ಕೂಸು ಏಳೆಂಟು ವರ್ಷದ ಅಕ್ಕನ ಸೊಂಟದ ಮೇಲೆ. ಹಗಲಿನ ಹಾಲೆಲ್ಲ ತಾನಾಗಿ ನಿಂತಿತು. ಅದರ ಸ್ಥಾನಕ್ಕೆ ಬಂದದ್ದು ಚಹಾದಲ್ಲಿ ಅದ್ದಿದ ಬಿಸ್ಕೀಟು. ಚಹಾ ಎಂಬುದು ಆಹಾರದಲ್ಲಿದ್ದ ಅಲ್ಪಸ್ವಲ್ಪ ಕಬ್ಬಿಣಾಂಶವನ್ನೂ ಮೈಗೆ ಹತ್ತಗೊಡುವುದಿಲ್ಲ. ಕೂಸಿನ ಬಾಯಿಗೆ ಅದು ಸಲ್ಲದು. ಇಲ್ಲಿ ಮಾಡಬೇಕಾದದ್ದು ಸರದಿಗಳನ್ನು ಹೆಚ್ಚಿಸುವ ಕೆಲಸ. ಹೋಗುವ ಮುಂಚೆ ಒಮ್ಮೆ, ಮಧ್ಯಾಹ್ನದ ಬುತ್ತಿಯ ಹೊತ್ತಿಗೆ ಕೂಸನ್ನು ಬದುವಿಗೆ ತಂದು ಒಮ್ಮೆ, ಬಂದೊಡನೆ ಒಮ್ಮೆ, ರಾತ್ರಿ ಕೇಳಿದಷ್ಟು. ಈ ತಾಯಿಗೆ ರಾತ್ರಿಯ ಹಾಲನ್ನು ಕಡಿಮೆ ಮಾಡೆಂದು ಹೇಳುವುದು ತಪ್ಪಾದೀತು. ಅದೇ ಗದ್ದೆಯ ಅಕ್ಕಿ, ಹಿತ್ತಿಲ ಸೊಪ್ಪು, ಒಂದು ಹಿಡಿ ಬೇಳೆ, ಮನೆಯ ತುಪ್ಪ ಇವುಗಳಿಂದ ಆದ ಗಟ್ಟಿಗಂಜಿಗೆ ಅಂಗಡಿಯ ಯಾವ ಡಬ್ಬಿಯೂ ಸರಿದೂಗದು.

ಡಬ್ಬಿಯ ಮಾತು ಬಂತಾದ್ದರಿಂದ ಇದನ್ನೂ ಹೇಳಿಬಿಡುತ್ತೇವೆ. ಶಿಶು ಹಾಲಿನ ಪುಡಿ, ಬಾಟಲಿ, ಎರಡು ವರ್ಷದೊಳಗಿನ ಮಕ್ಕಳ ಸಿದ್ಧ ಆಹಾರ ಇವುಗಳ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾಯ್ದೆ ಹಾಗೂ 2003ರ ತಿದ್ದುಪಡಿ ನಿಷೇಧಿಸಿವೆ. ಹಾಲು ಕಡಿಮೆ ಮಾಡುವುದೆಂದರೆ ಬಾಟಲಿ ಹಿಡಿಸುವುದೆಂದು ತಿಳಿಯಬಾರದು. ಬಾಟಲಿಯ ರಬ್ಬರನ್ನು ಶುಚಿಯಾಗಿಡುವುದು ಕಷ್ಟ, ಹೊಟ್ಟೆ ಕೆಡುತ್ತದೆ. ಬಾಯಲ್ಲಿ ಬಾಟಲಿಯಿಟ್ಟು ಮಲಗಿಸಿದರೆ ಹಾಲುಹಲ್ಲು ಹುಳುಕುತ್ತದೆ. ಎಳೆಗೂಸಿಗೆ ಒಳಲೆ, ಬೆಳೆದ ಕೂಸಿಗೆ ಪುಟ್ಟ ಲೋಟ.

ನೌಕರಿಗೆ ಮರಳುವ ತಾಯಂದಿರಿಗೆ 1961ರ ಹೆರಿಗೆ ಸೌಲಭ್ಯ ಕಾಯ್ದೆಯು 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ರಜೆ ಕೊಟ್ಟಿತು. ಕೂಸಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲುಣಿಸುವ ಬಿಡುವು ಮೊದಲಿನಿಂದಲೂ ಇತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇವೆರಡನ್ನೂ ಉಳಿಸಿಕೊಂಡಿದೆ. ಕೇಳಿ ಪಡೆಯಲು ಸಂಕೋಚಪಡುವವರೇ ಹೆಚ್ಚು. ಮನೆ ದೂರವಾಗಿದ್ದರೆ ಬೆಳಗ್ಗೆ ಹಾಲನ್ನು ಹಿಂಡಿ ಶುಚಿಯಾದ ಮುಚ್ಚಳದ ಪಾತ್ರೆಯಲ್ಲಿಟ್ಟು ಹೋಗಬಹುದು. ತಂಪು ಜಾಗದಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ಒಂದು ದಿನ ಕೆಡದೆ ಉಳಿಯುತ್ತದೆ.

ಇನ್ನೊಂದು ಮಾತು ಹೇಳಲು ನಮಗೆ ನೋವಾಗುತ್ತದೆ, ಆದರೂ ಹೇಳಬೇಕು. ಸೀಮಾ ಜಯಚಂದ್ರನ್ ಮತ್ತು ಇಲಿಯಾನಾ ಕುಜಿಯೆಂಕೊ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು ಭಾರತದ ಅಂಕಿಸಂಖ್ಯೆಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಪ್ರಬಂಧವೊಂದಿದೆ. ನಮ್ಮ ದೇಶದಲ್ಲಿ ಹೆಣ್ಣುಕೂಸಿಗೆ ಗಂಡುಕೂಸಿಗಿಂತ ಬೇಗ ಮೊಲೆ ಬಿಡಿಸುತ್ತಾರೆಂದು, ಗಂಡುಮಗುವಿಗಾಗಿ ಮತ್ತೆ ಬಸುರಾಗಬೇಕೆಂಬ ಆತುರವೇ ಅದಕ್ಕೆ ಮುಖ್ಯ ಕಾರಣವೆಂದು ಅವರು ತೋರಿಸಿದ್ದಾರೆ. ಹೆಣ್ಣು-ಗಂಡೆಂಬ ಭೇದವಿಲ್ಲದೆ ಹುಟ್ಟಿದ ಕೂಸಿಗೆ ಲಿಂಗ ಕಟ್ಟುವ ನಾವು ಹಾಲಿನಲ್ಲಿ ಭೇದ ಮಾಡಬಹುದೆ? "ಎರಡನೇದ್ದು ಹೊಟ್ಟ್ಯಾಗ ಐತಿ, ಹಾಲು ಕೆಟ್ಟಿರತೈತಿ" ಎನ್ನುತ್ತಾರೆ. ಬಸುರಿಯ ಹಾಲು ಕೆಡುವುದಿಲ್ಲ. ಕಡಿಮೆಯಾಗುತ್ತದೆ, ರುಚಿ ಬದಲಾಗುತ್ತದೆ. ತೊಡಕಿಲ್ಲದ ಬಸುರಿಯಲ್ಲಿ ಮೊದಲ ಕೂಸಿಗೆ ಹಾಲೂಡಬಹುದು. ಕೂಸು ಕುಡಿಯುತ್ತಿರುವಷ್ಟು ದಿನ ಬಸುರಾಗುವುದಿಲ್ಲವೆಂಬ ನಂಬಿಕೆಯೂ ಆರು ತಿಂಗಳ ಮೇಲೆ ನಡೆಯದು. ಊಟ ಆರಂಭವಾಗಿ ಹಾಲಿನ ಸರದಿಗಳು ಇಳಿದಂತೆ, ಮುಟ್ಟು ಮರಳುವ ಮುಂಚೆಯೇ ಗರ್ಭ ನಿಲ್ಲಬಹುದು.

ಇಳಿಸಿದ ಸರದಿಯನ್ನು ಮತ್ತೆ ಏರಿಸಬೇಕಾದ ಕಾಲಗಳೂ ಬರುತ್ತವೆ. ಭೇದಿಯಾದಾಗ, ಜ್ವರ ಬಂದಾಗ ಕೂಸು ಅನ್ನವನ್ನು ನೂಕಿ ಎದೆಯನ್ನೇ ಹಿಡಿಯುತ್ತದೆ. ಆಗ ಕೇಳಿದಷ್ಟು ಸಲ ಕೊಡತಕ್ಕದ್ದು, ಲೆಕ್ಕವಿಡಬಾರದು. ಗುಣವಾದ ಮೇಲೆ ಎರಡು ವಾರ ಒಂದು ಊಟ ಹೆಚ್ಚು ಹಾಕಿದರೆ ಇಳಿದ ಮೈ ತುಂಬಿಕೊಳ್ಳುತ್ತದೆ.

ಸರಿಯಾಗಿ ನಡೆಯುತ್ತಿದೆಯೊ ಇಲ್ಲವೊ ಎಂಬುದನ್ನು ನೆರೆಮನೆಯ ಕೂಸಿನ ಕೆನ್ನೆ ನೋಡಿ ಅಳೆಯಬಾರದು. ತಾಯಿ ಕಾರ್ಡಿನಲ್ಲಿ ತೂಕದ ಗೆರೆಯಿದೆ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಗಿಸಿ ಚುಕ್ಕೆಯಿಡಿಸಿದರೆ, ಗೆರೆ ಏರುತ್ತಿದೆಯೊ ಮಲಗಿದೆಯೊ ಎಂಬುದು ಓದು ಬಾರದ ಅಜ್ಜಿಗೂ ತಿಳಿಯುತ್ತದೆ. ಮಗುವಿನ ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದನೆಯ ತಿಂಗಳುಗಳಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಬಂದು ವಿಚಾರಿಸುವ ಏರ್ಪಾಡು 2018ರಿಂದ ಇದೆ. ಆರು ತಿಂಗಳ ಮೇಲಿನ ಕೂಸಿಗೆ ವಾರಕ್ಕೆ ಎರಡು ಬಾರಿ ಒಂದೊಂದು ಮಿಲಿಲೀಟರು ಕಬ್ಬಿಣಾಂಶದ ಔಷಧವನ್ನು ಸರ್ಕಾರವೇ ಕೊಡುತ್ತದೆ. ದೊಡ್ಡ ಮನೆಗಳ ಬಾಗಿಲಿನಲ್ಲಿ ಆಕೆಯನ್ನು ನಿಲ್ಲಿಸಿ, "ನಮ್ಮಲ್ಲೆ ಎಲ್ಲಾ ಐತವ್ವಾ" ಎಂದು ಹಿಂದಕ್ಕೆ ಕಳಿಸುವುದನ್ನು ಟಿಳಕವಾಡಿಯಲ್ಲಿ ನೋಡಿದ್ದೇವೆ. ಆಕೆಯನ್ನು ಒಳಗೆ ಕರೆದು, ಒಂದು ಲೋಟ ಮಜ್ಜಿಗೆ ಕೊಟ್ಟು, ಕೂಸು ನಿನ್ನೆ ಬೆಳಗಿನಿಂದ ಏನೇನು ಉಂಡಿತು, ಎಷ್ಟು ಸಲ ಎದೆಗೆ ಬಂದಿತು ಎಂಬುದನ್ನು ಸೊಸೆಯ ಬಾಯಿಂದಲೇ ಹೇಳಿಸಿರಿ. ಅತ್ತೆಯವರು ಪಕ್ಕದಲ್ಲಿ ಕುಳಿತು ಕೇಳಲಿ.